ಕಂಬಳಿಯ ಆಚೆಯ ಹೂಂ

ನಮ್ಮ ಮಾವ ಹೂಂ ಎನ್ನುವಾಗ ಬಾಯಿ ತೆರೆಯುತ್ತಿರಲಿಲ್ಲ. ಬಿಳಿ ಮೀಸೆಯ ಒಂದು ಕೂದಲೂ ಅಲುಗುತ್ತಿರಲಿಲ್ಲ. ಒಣಗಿದ ಕತ್ತಿನಲ್ಲಿ ಗಂಟಲ ಮಣಿ ಒಮ್ಮೆ ಮೇಲೆ ಹೋಗಿ ಕೆಳಗಿಳಿಯುತ್ತಿತ್ತು, ಅಷ್ಟೇ. ಸದ್ದು ಬರುತ್ತಿದ್ದದ್ದು ಎದೆಯ ಒಳಗಿನಿಂದ. ಮದುವೆಯಾಗಿ ಕೊಟ್ಟೂರಿನ ಆ ಮನೆಗೆ ಬಂದ ಹೊಸತರಲ್ಲಿ ಈ ಸದ್ದು ಎಲ್ಲಿಯದು ಎಂದು ತಿಳಿಯದೆ ಪಡಸಾಲೆಯತ್ತ ಇಣುಕಿ ನೋಡಿದ್ದೆ. ನನ್ನ ಗಂಡ ಏನೋ ಹೇಳುತ್ತಿದ್ದರು, ಅವರ ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಹೂಂಗುಟ್ಟುತ್ತಿದ್ದರು. ನಿದ್ದೆ ಹೋಗಿದ್ದಾರೆ ಎಂದುಕೊಂಡು ಯಾರಾದರೂ ಮಾತು ನಿಲ್ಲಿಸಿದರೆ ಕೆಟ್ಟರು. ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಹೇಳಿ ಮುಗಿಸುವವರೆಗೆ ಏಳಲು ಬಿಡುತ್ತಿರಲಿಲ್ಲ.

ಈ ಹೂಂ ಅವರಿಗೆ ಬಂದದ್ದು ಕುರಿಗಳಿಂದ. ಆಯುಷ್ಯದ ಬಹುಪಾಲನ್ನು ಅವರು ಕುರಿಗಳ ಹಿಂದೆಯೇ ಕಳೆದಿದ್ದರು. ಬೇಸಿಗೆಯಲ್ಲಿ ಹಂಪಸಾಗರದ ಕಡೆ ಹೊಳೆಯ ದಂಡೆಗೆ, ಸುಗ್ಗಿ ಮುಗಿದ ಮೇಲೆ ಹಡಗಲಿ, ಹರಪನಹಳ್ಳಿ ಕಡೆಯ ಕೊಯ್ಲಾದ ಹೊಲಗಳಿಗೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದಾಗ ತೋಳದ ಭಯ. ಕಾವಲಿಗೆ ಇಬ್ಬರು ಕೂರಬೇಕು; ಒಬ್ಬ ಕಥೆ ಹೇಳಬೇಕು, ಇನ್ನೊಬ್ಬ ಹೂಂ ಎನ್ನಬೇಕು. ಹೂಂ ನಿಂತರೆ ಕೇಳುವವ ತೂಕಡಿಸಿದ ಎಂದರ್ಥ. ಆಗ ಹೇಳುವವ ಒಂದು ಸಣ್ಣ ಕಲ್ಲು ಎಸೆದು ಎಬ್ಬಿಸುತ್ತಿದ್ದ. ನಮ್ಮ ಮಾವನಿಗೆ ಕಥೆ ಹೇಳಲು ಬರುತ್ತಿರಲಿಲ್ಲ. ರಾಜಕುಮಾರ ಕುದುರೆ ಹತ್ತುವಷ್ಟರಲ್ಲೇ ಕಥೆ ಮುಗಿಸಿಬಿಡುತ್ತಿದ್ದರಂತೆ. ಆದರೆ ಹೂಂ ಎನ್ನುವುದರಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. ಕಥೆ ಬಲ್ಲ ಕುರಿಗಾರರು ಕಾವಲಿಗೆ ಅವರನ್ನೇ ಜೊತೆಗೆ ಬೇಡಿ ಪಡೆಯುತ್ತಿದ್ದರು. ತಮ್ಮ ಮೈಮೇಲೆ ಒಂದು ಕಲ್ಲೂ ಬಿದ್ದಿಲ್ಲವೆಂದು ಅವರು ಹೇಳಿಕೊಳ್ಳುತ್ತಿದ್ದರು. ಅತ್ತೆ ಅದನ್ನು ನಂಬುತ್ತಿರಲಿಲ್ಲ.

ಮೊಣಕಾಲು ಕೈಕೊಟ್ಟ ಮೇಲೆ ಕುರಿಗಳನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿ ಊರಿನ ಮನೆಯಲ್ಲೇ ಉಳಿದರು. ನಾನು ಆ ಮನೆಗೆ ಕಾಲಿಟ್ಟಾಗ ಅವರು ಆಗಲೇ ಕೋಲು ಹಿಡಿದಿದ್ದರು. ನಮ್ಮಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವುದಿಲ್ಲ, ಕೂರುವುದಂತೂ ದೂರದ ಮಾತು. ಒಳಗೆ ಬರುವ ಮುನ್ನ ಅವರು ಹೊಸ್ತಿಲಿಗೆ ಕೋಲು ಕುಟ್ಟುತ್ತಿದ್ದರು, ನಾನು ಅಡುಗೆಮನೆಗೆ ಸರಿಯುತ್ತಿದ್ದೆ. ವರ್ಷಗಟ್ಟಲೆ ನಮ್ಮಿಬ್ಬರ ನಡುವೆ ನಡೆದದ್ದು ಇಷ್ಟೇ. ಊಟ ಬಡಿಸಿದಾಗ ಸಾಕು, ಬೇಡ ಎನ್ನುವುದಕ್ಕೂ ಅವರು ಅತ್ತೆಯ ಕಡೆ ನೋಡಿ ಹೇಳುತ್ತಿದ್ದರು.

ನಾನು ಬಿ.ಎ., ಬಿ.ಎಡ್. ಓದಿದವಳು. ಖಾಸಗಿ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ಲಾಕ್‌ಡೌನ್ ಬಂತು, ಶಾಲೆ ಮತ್ತೆ ತೆರೆಯಲೇ ಇಲ್ಲ. ಕೂಡ್ಲಿಗಿಯಲ್ಲಿ ನನ್ನ ಗಂಡ ಇಟ್ಟಿದ್ದ ಟೈಪಿಂಗ್ ಅಂಗಡಿಯೂ ಅದೇ ಹೊತ್ತಿಗೆ ಮುಚ್ಚಿತು, ಅಲ್ಲಿನ ಕಂಪ್ಯೂಟರು ಮನೆಗೆ ಬಂದು ಕಾಳಿನ ಕೋಣೆಯ ಮೂಲೆ ಸೇರಿತು. ಆಗ ಗೆಳತಿಯೊಬ್ಬಳು ಒಂದು ಸುದ್ದಿ ಹೇಳಿದಳು. ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪಾಠಗಳನ್ನು ಓದಿಸಿ ಆಡಿಯೊ ಮಾಡಿಸುವ ಸಂಸ್ಥೆಯೊಂದಕ್ಕೆ ಓದುವವರು ಬೇಕಾಗಿದ್ದರು. ಮನೆಯಲ್ಲೇ ಓದಿ, ತಿದ್ದಿ, ಕಳಿಸಬಹುದು. ಮೊದಲು ಒಂದು ಪಾಠದ ಮಾದರಿ ಒಪ್ಪಿಗೆಯಾಗಬೇಕು, ಮೂರು ಸಲ ಕಳಿಸಲು ಅವಕಾಶ. ನನ್ನದು ಅಂತ ಒಂದು ಕೆಲಸ ಬೇಕು ಎಂಬ ಹಸಿವು ನನಗೆ ಎಷ್ಟಿತ್ತೆಂದರೆ ಸುದ್ದಿ ಕೇಳಿದ ದಿನವೇ ಮೈಕಿಗಾಗಿ ಓಡಾಡಿದೆ.

ಮೊದಲ ಮಾದರಿ ವಾಪಸು ಬಂತು. ಹಿನ್ನೆಲೆಯಲ್ಲಿ ಗುಂಯ್ ಸದ್ದು ಇದೆ, ಕೋಣೆ ಪ್ರತಿಧ್ವನಿಸುತ್ತಿದೆ ಎಂದಿದ್ದರು. ನಿಜ, ಹೆಡ್‌ಫೋನ್ ಹಾಕಿಕೊಂಡರೆ ಪೆಟ್ಟಿಗೆಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಕೇಳುತ್ತಿತ್ತು. ಫ್ಯಾನು ಆರಿಸಿದೆ, ಟ್ಯೂಬ್‌ಲೈಟು ಆರಿಸಿದೆ, ಮೈಕಿನ ವೈರು ಬದಲಿಸಿದೆ. ದುಂಬಿ ಹೋಗಲಿಲ್ಲ. ಒಂದು ದಿನ ಬೇಸರದಿಂದ ಕಂಪ್ಯೂಟರಿನ ತಗಡಿನ ಮೈಮೇಲೆ ಕೈಯಿಟ್ಟು ಕೂತೆ, ತಟ್ಟನೆ ಸದ್ದು ತಗ್ಗಿತು. ಕೈ ತೆಗೆದರೆ ಮತ್ತೆ ಗುಂಯ್. ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಸರಿಯಿಲ್ಲ ಎಂದು ಆಗ ಹೊಳೆಯಿತು. ಹಿತ್ತಲಿನ ಅರ್ತಿಂಗ್ ಗುಂಡಿ ಮನೆ ಕಟ್ಟಿಸಿದಾಗಿನಿಂದ ನೀರು ಕಂಡಿರಲಿಲ್ಲ, ನಮ್ಮ ಕಡೆಯ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಎಲೆಕ್ಟ್ರಿಷಿಯನ್ ಬಂದು ಹೊಸದಾಗಿ ಇದ್ದಿಲು, ಉಪ್ಪು ತುಂಬಿ, ದಿನಾ ನೀರು ಹಾಕಿರಿ ಎಂದು ಹೇಳಿಹೋದ. ಆ ನೀರಿನ ಕೆಲಸವನ್ನು ಯಾರೂ ಹೇಳದೆಯೇ ಮಾವ ವಹಿಸಿಕೊಂಡರು. ಬೆಳಗಾದರೆ ಕೋಲೂರಿಕೊಂಡು ಕೊಡ ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು. ಅದು ಯಾವಾಗ ಕಾಯಿ ಬಿಡುತ್ತದೆ ಎಂದು ಅತ್ತೆ ಕೇಳುತ್ತಿದ್ದರು. ದುಂಬಿ ಮಾತ್ರ ಹೋಯಿತು.

ಪ್ರತಿಧ್ವನಿಗೂ ಮದ್ದು ಮನೆಯಲ್ಲೇ ಇತ್ತು. ಕುರಿಗಾರರ ಮನೆಯಲ್ಲಿ ಕಂಬಳಿಗೆ ಬರವೇ? ಮೇಜಿನ ಸುತ್ತ ಕಂಬಳಿ ಕಟ್ಟೋಣ ಎಂದು ನಾನು ಗಂಡನಿಗೆ ಹೇಳಿದ್ದು ಮಾವನ ಕಿವಿಗೆ ಬಿತ್ತು. ಮೊಳೆ ಹೊಡೆಯಲು ಮಾತ್ರ ಬಿಡಲಿಲ್ಲ. ಅವರ ಪಾಲಿಗೆ ಕಂಬಳಿ ದೇವರ ಗದ್ದುಗೆ, ತುಳಿಯಬಾರದು, ಚುಚ್ಚಬಾರದು. ಜಂತಿಯಿಂದ ಜಂತಿಗೆ ಹಗ್ಗ ಎಳೆದು, ಅವರೇ ನಿಂತು ಒಂದೊಂದನ್ನೂ ಮಡಿಸಿ ಇಳಿಬಿಡಿಸಿದರು. ಕೋಣೆಯೊಳಗೆ ಇನ್ನೊಂದು ಕರಿ ಕೋಣೆಯಾಯಿತು. ಉಣ್ಣೆಯ ವಾಸನೆಗೆ ಮೊದಮೊದಲು ಸೀನು ಬರುತ್ತಿತ್ತು.

ಎರಡನೆಯ ಮಾದರಿಯನ್ನು ಗೆದ್ದೆ ಎಂದುಕೊಂಡೇ ಕಳಿಸಿದೆ. ಅದೂ ವಾಪಸು ಬಂತು. ಸಂಸ್ಥೆಯಿಂದ ಫೋನು ಮಾಡಿದ ಹೆಣ್ಣುಮಗಳು ಮೆತ್ತಗೇ ಹೇಳಿದರು. ಸದ್ದು ಶುದ್ಧವಾಗಿದೆ ಮೇಡಂ, ಓದು ಸಪ್ಪೆಯಾಗಿದೆ, ನೋಟಿಸು ಓದಿದ ಹಾಗಿದೆ, ಮಕ್ಕಳು ಕೇಳುವುದಿಲ್ಲ. ವೈರು, ಮೈಕು, ಗುಂಡಿ ಎಲ್ಲ ಸರಿಮಾಡಿದ ಮೇಲೆ ಕೆಟ್ಟಿದ್ದು ನಾನೇ ಎಂದಾಯಿತು. ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಉಳಿದಿದ್ದದ್ದು ಒಂದೇ ಅವಕಾಶ.

ಕೋಲಿನ ಸದ್ದು ಕೇಳಿ ಎದ್ದು ಸೆರಗು ಸರಿಮಾಡಿಕೊಂಡೆ. ಮಾವ ಅಡುಗೆಮನೆಯ ಹೊಸ್ತಿಲಾಚೆ ನಿಂತಿದ್ದರು. ಮುಖ ಬೇರೆ ಕಡೆಗಿತ್ತು, ಮಾತು ಮಾತ್ರ ನನಗೇ. ಮದುವೆಯಾದ ಮೇಲೆ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

“ಯವ್ವಾ, ಒಳಗ ಕುಂತು ನೀ ಯಾರಿಗೆ ಹೇಳತಿ?”

“ಮೈಕಿಗೆ ರೀ.”

“ಅದು ಹೂಂ ಅಂತೈತೇನು?”

ಇಲ್ಲವೆಂದೆ. ಹೂಂ ಅನ್ನದವರಿಗೆ ಯಾರು ತಾನೇ ಹೇಳುತ್ತಾರೆ ಎಂದು ಗೊಣಗುತ್ತಾ ಹೋದರು. ಮರುದಿನ ನಾನು ಓದಲು ಕೂತಾಗ ಕಂಬಳಿಯ ಆಚೆ ಅವರೂ ಬಂದು ಕೂತರು. ನಾನು ಈಚೆ, ಅವರು ಆಚೆ. ಮುಖ ಕಾಣುವುದಿಲ್ಲವಾದ್ದರಿಂದ ಮರ್ಯಾದೆಗೆ ಧಕ್ಕೆ ಇಲ್ಲ. ನಾನು ಮೊದಲ ವಾಕ್ಯ ಓದಿದೆ. ಆಚೆಯಿಂದ ಹೂಂ ಬಂತು. ಎರಡನೆಯ ವಾಕ್ಯ ಓದುವಾಗ ನನ್ನ ದನಿ ನನಗೇ ಬೇರೆಯಾಗಿ ಕೇಳಿತು. ಯಾರೋ ಕಾಯುತ್ತಿದ್ದಾರೆ, ಅವರಿಗೆ ಮುಟ್ಟಿಸಬೇಕು ಎಂಬ ಅವಸರ ಅದರೊಳಗೆ ಬಂದಿತ್ತು. ಎಲ್ಲಿ ನಿಲ್ಲಬೇಕು, ಎಲ್ಲಿ ತಗ್ಗಬೇಕು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಪಾಠ ಮುಗಿದಾಗ ಕಣ್ಣಲ್ಲಿ ನೀರಿತ್ತು, ಖುಷಿಗೆ.

ಆದರೆ ತಿದ್ದಲು ಕೂತರೆ ಹೊಸ ಕಾಟ. ಸದ್ದು ಶುದ್ಧ ಮಾಡುವ ಕ್ರಮ ಇಷ್ಟೇ: ಮಾತು ಶುರುವಾಗುವ ಮುನ್ನ ಒಂದೆರಡು ಉಸಿರಿನಷ್ಟು ಸುಮ್ಮನಿರಬೇಕು, ಆ ಖಾಲಿ ತುಣುಕನ್ನು ಸಾಫ್ಟ್‌ವೇರಿಗೆ ತೋರಿಸಿ, ಇದು ಗದ್ದಲ, ಇಂಥದ್ದು ಎಲ್ಲಿದ್ದರೂ ತೆಗೆ ಎನ್ನಬೇಕು. ಹಾಗೆ ಮಾಡಿದೊಡನೆ ನನ್ನ ದನಿ ಬಾವಿಯ ನೀರಿನೊಳಗಿಂದ ಬಂದಂತೆ ಗುಳುಗುಳು ಎಂದಿತು. ಮತ್ತೆ ಓದಿದೆ, ಮತ್ತೆ ಅದೇ. ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದೆ, ಮೈಕಿನ ಹಿಡಿಕೆ ಬದಲಿಸಿದೆ, ಅರ್ತಿಂಗ್ ಗುಂಡಿಗೆ ನಾನೇ ಇನ್ನೊಂದು ಕೊಡ ನೀರು ಸುರಿದುಬಂದೆ. ಕಳಿಸಬೇಕಾದ ಗಡುವು ಹತ್ತಿರವಾಗುತ್ತಿತ್ತು. ಕೊನೆಗೆ, ಖಾಲಿ ಎಂದು ನಾನು ನಂಬಿದ್ದ ಆ ಮೊದಲ ತುಣುಕನ್ನೇ ಸದ್ದು ಪೂರ್ತಿ ಏರಿಸಿ ಕೇಳಿದೆ. ಅದರೊಳಗೆ, ಎದೆಯಾಳದಿಂದ ಬಂದ, ಇದ್ದೂ ಇಲ್ಲದಂಥ ಒಂದು ಹೂಂ ಇತ್ತು.

ಕಥೆ ಶುರುವಾಗುವ ಮುನ್ನ ಕೇಳುವವನು ಒಮ್ಮೆ ಹೂಂ ಎನ್ನಬೇಕು. ನಾನು ಸಿದ್ಧ, ನೀನು ಹೇಳು ಎಂದು ಅದರ ಅರ್ಥ. ಮಾವ ಪ್ರತಿ ಸಲವೂ ಅದನ್ನು ತಪ್ಪದೆ ಹೇಳಿದ್ದರು. ನಾನು ಅದನ್ನೇ ಗದ್ದಲ ಎಂದು ಯಂತ್ರಕ್ಕೆ ತೋರಿಸಿದ್ದೆ. ಮನುಷ್ಯನ ದನಿಯನ್ನೇ ತೆಗೆ ಎಂದರೆ ಅದು ನನ್ನ ದನಿಯನ್ನೂ ತಿನ್ನದೆ ಬಿಡುತ್ತದೆಯೇ? ಮುಂದಿನ ಹೂಂಗಳನ್ನು ಕತ್ತರಿಸಿ ತೆಗೆದರಾಯಿತು ಎಂದುಕೊಂಡಿದ್ದೆ, ಅದೂ ಆಗುವಂತಿರಲಿಲ್ಲ. ಕೆಲವು ನನ್ನ ಮಾತಿನ ತುದಿಯ ಮೇಲೇ ಕೂತಿದ್ದವು, ಅವನ್ನು ಕತ್ತರಿಸಿದರೆ ನನ್ನ ಮಾತೂ ಮೊಟಕಾಗುತ್ತಿತ್ತು. ಕಾರಣ ಸಿಕ್ಕಿತೆಂದು ಸಮಾಧಾನವಾಯಿತು. ಆದರೆ ಅವರಿಗೆ ಹೇಳುವುದು ಹೇಗೆ? ಇಡೀ ಬಾಳಲ್ಲಿ ಅವರು ಜಂಬ ಪಟ್ಟ ಸಂಗತಿ ಅದೊಂದೇ, ಅದನ್ನೇ ಬೇಡ ಎನ್ನಬೇಕಿತ್ತು.

ಹೇಳಲಾರದೆ ಕೇಳಿಸಿದೆ. ಗಂಡ ಅವರ ಕಿವಿಗೆ ಹೆಡ್‌ಫೋನ್ ತೊಡಿಸಿದರು. ಮಾವ ಬಹಳ ಹೊತ್ತು ತಲೆ ವಾರೆಮಾಡಿ ಕೇಳಿದರು. ಆಮೇಲೆ, ಇದು ನಂದಲ್ಲ ಎಂದರು. “ನಮ್ಮಪ್ಪಂದು ಇದು. ಥೇಟ್ ಹಿಂಗಾ ಅಂತಿದ್ದ.” ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು, ಮತ್ತೊಮ್ಮೆ ಹಾಕಿಸಿಕೊಂಡರು. ಆ ಮುಖ ಆಗ ಎಷ್ಟು ಎಳೆಯದಾಗಿತ್ತು. ನಾನು ಧೈರ್ಯ ಮಾಡಿ ವಿಷಯ ತಿಳಿಸಿದೆ: ನೀವು ಕೂರಬೇಕು, ನೀವಿಲ್ಲದೆ ಓದಲಾಗುವುದಿಲ್ಲ, ಆದರೆ ಸದ್ದು ಬರಬಾರದು. ಕೋಪ ಬರುತ್ತದೆ ಎಂದು ಹೆದರಿದ್ದೆ. ಅವರು ಕೆಲಸದ ತೊಡಕನ್ನು ಯೋಚಿಸುವವರ ಹಾಗೆ ಗಡ್ಡ ಕೆರೆದುಕೊಂಡರು.

“ಬಾಯಿ ಕಟ್ಟಿಕೊಂಡು ಕುಂಡ್ರತೀನಿ, ಅದೇನು ದೊಡ್ಡ ಮಾತಲ್ಲ. ಆದ್ರ ನಾ ಕೇಳಾಕತ್ತೀನಿ ಅಂತ ನಿನಗ ಹೆಂಗ ಗೊತ್ತಾಗಬೇಕು?”

 ಅದಕ್ಕೆ ಉಪಾಯವನ್ನೂ ಅವರೇ ಹುಡುಕಿದರು. ಕೋಲಿನಿಂದ ನಡುವಿನ ಕಂಬಳಿಯನ್ನು ಪಕ್ಕಕ್ಕೆ ಸರಿಸಿದರು. ನನ್ನ ಮೇಜಿನ ಎದುರು ನೆಲದ ಮೇಲೆ ಒಂದು ಕಂಬಳಿ ಹಾಸಿ, ಕಷ್ಟಪಟ್ಟು ಮೊಣಕಾಲು ಮಡಿಸಿ ಕೂತರು. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ಬಾಗಿಲಲ್ಲಿದ್ದ ಅತ್ತೆಗೆ ತಡೆಯಲಾಗಲಿಲ್ಲ; ಸೊಸೆ ಕುರ್ಚಿಯ ಮೇಲೆ, ಮಾವ ನೆಲದ ಮೇಲೆ, ಕಂಡವರು ಏನಂದಾರು ಎಂದು ಕೇಳಿದರು.

“ಪುರಾಣ ಕೇಳಾಕ ಮಠಕ್ಕ ಹೋದಾಗ ನೀ ಎಲ್ಲಿ ಕುಂಡ್ರತಿ?” ಎಂದರು ಮಾವ. “ಓದಾರು ಮ್ಯಾಲ, ಕೇಳಾರು ಕೆಳಗ.” ನನ್ನ ಕಡೆ ತಿರುಗಿ, “ಕುಂಡ್ರವ್ವ. ಶುರು ಮಾಡು” ಎಂದರು.

ಕುಳಿತೆ. ಅವರ ಮುಖವನ್ನು ನೇರವಾಗಿ ನೋಡುತ್ತಾ ನಾನು ಓದಿದ್ದು ಅದೇ ಮೊದಲು. ತುಟಿ ಬಿಗಿಹಿಡಿದಿದ್ದರು, ವಾಕ್ಯ ಮುಗಿದಾಗಲೆಲ್ಲ ಗಂಟಲ ಮಣಿ ಮೇಲೆ ಹೋಗಿ ಕೆಳಗಿಳಿಯುತ್ತಿತ್ತು, ಸದ್ದಿಲ್ಲದೆ. ಆ ಮಾದರಿ ಒಪ್ಪಿಗೆಯಾಯಿತು. ಮೊದಲಿನ ಹೆಣ್ಣುಮಗಳೇ ಫೋನು ಮಾಡಿ, ಏನು ಬದಲಾಯಿಸಿದಿರಿ ಮೇಡಂ, ಹೊಸ ಮೈಕು ತಂದಿರೇನು ಎಂದು ವಿಚಾರಿಸಿದರು. ಇಲ್ಲ, ನಮ್ಮ ಮಾವ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಆಮೇಲೆ ಪುಸ್ತಕದ ಮೇಲೆ ಪುಸ್ತಕ ಓದಿದೆವು. ಓದಿದೆವು ಎಂದೇ ಹೇಳಬೇಕು. ಪಕ್ಕದ ಹಿಟ್ಟಿನ ಗಿರಣಿ ಮಧ್ಯಾಹ್ನ ಊಟಕ್ಕೆ ನಿಲ್ಲುವ ಹೊತ್ತು ನಮ್ಮದು. ಗಿರಣಿಯವರೊಂದಿಗೆ ಮಾತಾಡಿ ಆ ಊಟದ ಹೊತ್ತನ್ನು ಮಾವ ಇನ್ನಷ್ಟು ಹಿಗ್ಗಿಸಿದರು. ಹೇಗೆ ಒಪ್ಪಿಸಿದರೋ ನನಗೆ ಇಂದಿಗೂ ಗೊತ್ತಿಲ್ಲ. ಸ್ಪೀಕರಿನಲ್ಲಿ ಕೂಗುತ್ತಾ ಬರುವ ಗುಜರಿಯವನನ್ನು ಓಣಿಯ ಬಾಯಲ್ಲೇ ತಡೆದು, ಸ್ಪೀಕರು ಬಂದ್ ಮಾಡಿಕೊಂಡು ದಾಟಿಹೋಗಲಿ ಎಂದು ಅತ್ತೆಯ ಹಳೆಯ ಹಿತ್ತಾಳೆ ತಪ್ಪಲೆಯನ್ನು ಕೊಟ್ಟು ಕಳಿಸಿದರು. ಅದರ ಜಗಳ ಬಹಳ ದಿನ ನಡೆಯಿತು. ಹಿಂದೆ ತೋಳ ಕಾದವರು, ಈಗ ಸದ್ದು ಕಾಯುತ್ತಿದ್ದರು.

ಕೇಳುವುದರಲ್ಲೂ ಅವರು ಸುಲಭದವರಲ್ಲ. ನಾನು ಅವಸರದಲ್ಲಿ ಓಡಿಸಿದರೆ ಗಂಟಲ ಮಣಿ ಅಲುಗುತ್ತಿರಲಿಲ್ಲ. ಹಿಂದಕ್ಕೆ ಹೋಗಿ ಅದೇ ಸಾಲನ್ನು ನಿಧಾನವಾಗಿ ಓದಬೇಕು. ಪಾಠವೊಂದರಲ್ಲಿ ಅಣ್ಣನೊಬ್ಬ ಜ್ವರ ಬಂದ ತಂಗಿಯನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ನಡೆಯುವ ಪ್ರಸಂಗ ಬಂದಾಗ ಎದ್ದು ಹೊರಗೆ ಹೋಗಿಬಿಟ್ಟರು. ಆ ದಿನ ಅಲ್ಲಿಗೇ ನಿಲ್ಲಿಸಿದೆ. ಮರುದಿನ ಬಂದು ಕೂತವರೇ, ಆ ಹುಡುಗಿ ಉಳಿದಳೋ ಎಂದು ಕೇಳಿದರು. ಉಳಿದಳು ಎಂದ ಮೇಲೆಯೇ ಓದು ಮುಂದುವರಿಯಿತು. ಲೆಕ್ಕದ ಪುಸ್ತಕ ಬಂದಾಗ ಮಾತ್ರ ನಿಜವಾಗಿಯೂ ತೂಕಡಿಸಿದರು. ನಾನು ಕಲ್ಲು ಎಸೆಯಲಿಲ್ಲ.

ಸಂಬಂಧಿಕರು ಬಂದಾಗ, ಶಾಲೆ ಬಿಟ್ಟ ಮೇಲೆ ಸೊಸೆ ಏನು ಮಾಡುತ್ತಾಳೆ ಎಂದು ಕೇಳುವವರು ಇದ್ದೇ ಇದ್ದರು. ಮನೆಯಲ್ಲೇ ಇದ್ದಾಳೆ ಎಂದು ಅತ್ತೆ ಹೇಳಲು ಹೊರಟರೆ ಮಾವ ಬಾಯಿ ಹಾಕುತ್ತಿದ್ದರು. “ಕೆಲಸದಾಗ ಅದಾಳ” ಎನ್ನುತ್ತಿದ್ದರು. “ಈಕಿ ಓದಿದ್ದನ್ನ ಎಲ್ಲೆಲ್ಲಿ ಕಣ್ಣಿಲ್ಲದ ಮಕ್ಕಳು ಕೇಳತಾವ, ಪಾಸಾಗತಾವ. ಮೊದಲ ಕೇಳಾಂವ ಮಾತ್ರ ನಾನು.” ಆ ಮೊದಲು ಎಂಬ ಮಾತನ್ನು ಅವರು ಒತ್ತಿ ಹೇಳುತ್ತಿದ್ದ ರೀತಿ ನೆನೆದರೆ ಈಗಲೂ ನನ್ನ ತಲೆ ಎತ್ತಿ ನಿಲ್ಲುತ್ತದೆ. ಅಷ್ಟು ಗಟ್ಟಿಯಾಗಿ ನನ್ನನ್ನು ತಮ್ಮವಳು ಎಂದವರು ನನ್ನ ತವರಿನಲ್ಲೂ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರ ಎದೆ ಕಟ್ಟಿತು. ಹೊಸಪೇಟೆಯ ಡಾಕ್ಟರು ಔಷಧಿ ಬರೆದುಕೊಟ್ಟು ಮನೆಗೆ ಕಳಿಸಿದರು. ಪಡಸಾಲೆಯ ಮಂಚದಲ್ಲಿ ಮಲಗಿರುತ್ತಿದ್ದರು, ಕೆಮ್ಮು ಬಂದರೆ ಮನೆ ನಡುಗುತ್ತಿತ್ತು. ಹತ್ತನೆಯ ತರಗತಿಯ ಪುಸ್ತಕದ ಕೊನೆಯ ಪಾಠ ಉಳಿದಿತ್ತು, ಮಕ್ಕಳಿಗೆ ಪರೀಕ್ಷೆ ಸಮೀಪಿಸಿತ್ತು. ಆ ಮಧ್ಯಾಹ್ನ ನನ್ನ ಗಂಡ ಔಷಧಿ ತರಲು ಹೋಗಿದ್ದರು. ಗಿರಣಿ ನಿಂತಿತು. ನಾನು ಮಂಚದ ಹತ್ತಿರವೇ ಇದ್ದೆ. ಇವತ್ತು ಬೇಡ, ನಾಳೆ ಓದಿದರಾಯಿತು ಎಂದೆ. ನಾಳೆಯವರೆಗೆ ಪರೀಕ್ಷೆ ನಿನಗಾಗಿ ಕಾಯುತ್ತದೆಯೇ ಎಂದು ಅವರು ರೇಗಿದರು. ಅತ್ತೆಯನ್ನು ಕರೆದು, ಹೋಗಿ ತಮ್ಮ ಜಾಗದಲ್ಲಿ ಕೂರಲು ಹೇಳಿದರು. ಅತ್ತೆ ಆ ಕಂಬಳಿಯ ಮೇಲೆ ಎಂದೂ ಕೂತವರಲ್ಲ. ನಿಮ್ಮನ್ನು ಒಬ್ಬರನ್ನೇ ಬಿಟ್ಟು ಹೇಗೆ ಹೋಗಲಿ ಎಂದರು. ತಮ್ಮನ್ನೇನು ತೋಳ ಹೊತ್ತೊಯ್ಯುತ್ತದೆಯೇ ಎಂದು ಮಾವ ಕೈಬೀಸಿದರು.

ನಾವಿಬ್ಬರೂ ಕೋಣೆಗೆ ಹೋದೆವು. ಅವರ ಕಡೆ ಒಂದು ಕಣ್ಣಿರಲಿ ಎಂದು ನಾನು ಬಾಗಿಲು ತೆರೆದೇ ಇಟ್ಟಿದ್ದೆ. ಮಂಚದಿಂದ ದನಿ ಬಂತು.

“ಬಾಗಲಾ ಹಾಕ್ಕೊಂಡು ಓದವ್ವ. ನನ್ನ ಕೆಮ್ಮು ಅದರಾಗ ಬಂದೀತು.”

ಹಾಕಿಕೊಂಡೆ. ಅತ್ತೆ ನನ್ನ ಬಾಯನ್ನೇ ನೋಡುತ್ತಾ ಕೂತರು, ಪ್ರತಿ ಸಾಲಿಗೂ ತಲೆಯಾಡಿಸಿದರು. ತಡವರಿಸದೆ ಓದಿದೆ. ಮುಗಿಸಿ ಬಾಗಿಲು ತೆರೆದಾಗ ಮಾವ ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದರು. ಉಸಿರಿರಲಿಲ್ಲ. ಹೊದಿಕೆಯ ಅಂಚನ್ನು ಬಾಯಿಗೆ ಒತ್ತಿ ಹಿಡಿದಿದ್ದರು.

ಮಣ್ಣಿಗೆ ಬಂದವರು ಗುಸುಗುಸು ಮಾಡಿದರು. ಮಾವ ಸಾಯುವಾಗ ಸೊಸೆ ಬಾಗಿಲು ಹಾಕಿಕೊಂಡು ಓದುತ್ತಿದ್ದಳಂತೆ ಎಂದು ಒಬ್ಬಾಕೆ ಗಟ್ಟಿಯಾಗಿಯೇ ಅಂದಳು. ನಾನು ಬಾಯಿ ತೆರೆಯುವ ಮುನ್ನ, ಅಳುತ್ತಾ ಕೂತಿದ್ದ ಅತ್ತೆ ತಲೆಯೆತ್ತಿದರು.

“ಓದತಿದ್ಲು. ಆಯಪ್ಪನೇ ಕಳಿಸಿದ್ದ. ನಾನೂ ಅಲ್ಲೇ ಕುಂತಿದ್ದೆ.”



ಕಾರ್ಯಗಳು ಮುಗಿದ ಮೇಲೆ ಆ ಪಾಠವನ್ನು ತಿದ್ದಲು ಕೂತೆ. ತಿದ್ದುವುದೇನೂ ಇರಲಿಲ್ಲ. ಕಳಿಸಿದೆ, ಒಂದೇ ಒಂದು ಆಕ್ಷೇಪವಿಲ್ಲದೆ ಒಪ್ಪಿಗೆಯಾಯಿತು. ಮಕ್ಕಳು ಅದನ್ನು ಕೇಳಿ ಪರೀಕ್ಷೆಗೆ ಕೂತರು. ಆಮೇಲೆಯೂ ನಾನು ಅದನ್ನು ಎಷ್ಟೋ ಸಲ ಹಾಕಿಕೊಂಡಿದ್ದೇನೆ. ಹೆಡ್‌ಫೋನ್ ಒತ್ತಿಹಿಡಿದು, ಸದ್ದು ಪೂರ್ತಿ ಏರಿಸಿ, ಸಾಲು ಸಾಲಿನ ನಡುವೆ, ಉಸಿರು ಉಸಿರಿನ ನಡುವೆ ಹುಡುಕಿದ್ದೇನೆ. ಒಂದು ಕೆಮ್ಮೂ ಇಲ್ಲ.